ಮೇಷ್ಟ್ರೇ, ಲೋಕ ಮುಳುಗುತ್ತಂತೆ ಹೌದಾ?

ಮನುಷ್ಯ ಕುಲಕ್ಕೇ ಕುತ್ತು ತರುವಂಥ ಅಪಾಯಗಳ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಸಂಪಾದಕರು ಪತ್ರಗಳ ದಪ್ಪ ಕಟ್ಟನ್ನೇ ಕಳಿಸಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಎಐ ಬಗ್ಗೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆ ಅಂತ ಅಲ್ಲಿಗೆ ಬಂದಾಗ ತಿಳಿಯುತ್ತದೆ.

2029ರ ಏಪ್ರಿಲ್ 13, ಶುಕ್ರವಾರ ಅಪೋಫಿಸ್ ಅನ್ನೋ ಕ್ಷುದ್ರಗ್ರಹ ಭೂಮಿಗೆ ಬಡಿಯುತ್ತೆ, ನಾಸಾ ಮುಚ್ಚಿಡ್ತಿದೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವಾ ಸರ್?
*ಪಿಯುಸಿ ವಿದ್ಯಾರ್ಥಿ, ಚಿತ್ರದುರ್ಗ*

ತಾರೀಖು ಸರಿ, ವಾರವೂ ಸರಿ. ಬಡಿಯುತ್ತದೆ ಅನ್ನುವುದು ಸುಳ್ಳು. 2004ರಲ್ಲಿ ಇದನ್ನು ಕಂಡುಹಿಡಿದಾಗ, ಬಡಿಯುವ ಸಾಧ್ಯತೆ ಶೇ 2.7ರಷ್ಟು ಅಂತ ಕೆಲವು ದಿನ ಲೆಕ್ಕ ಬಂದಿತ್ತು. ಆ ಲೆಕ್ಕವನ್ನು ಯಾರೂ ಮುಚ್ಚಿಡಲಿಲ್ಲ. ಅದು ಹೊರಗೆ ಬಂದದ್ದರಿಂದಲೇ ನಿಮ್ಮ ವಾಟ್ಸ್ಆ್ಯಪ್‌ನವರಿಗೂ ಗೊತ್ತಾಯಿತು, ಅಲ್ವಾ? ಆಮೇಲೆ ಹಳೆಯ ಚಿತ್ರಗಳಲ್ಲಿ ಹುಡುಕಿದರು, ಪಥ ಸ್ಪಷ್ಟವಾಯಿತು. 2021ರ ಮಾರ್ಚ್‌ನಲ್ಲಿ ರೇಡಾರ್‌ನಿಂದ ನೋಡಿದ ಮೇಲೆ ಇನ್ನೊಂದು ನೂರು ವರ್ಷ ಇದರಿಂದ ಭಯವಿಲ್ಲ ಅಂತ ಖಚಿತಪಡಿಸಿದರು.

ಹತ್ತಿರ ಬರುವುದು ಮಾತ್ರ ಭಾರಿ ಹತ್ತಿರ. ನೆಲದಿಂದ ಸುಮಾರು 32,000 ಕಿ.ಮೀ. ನಮ್ಮ ಹಾಸನದ ಇಸ್ರೋ ಕೇಂದ್ರ ನೋಡಿಕೊಳ್ಳುವ ಟಿವಿ ಉಪಗ್ರಹಗಳು, ಹವಾಮಾನದ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಪೋಫಿಸ್ ಅವುಗಳಿಗಿಂತ ಒಳಗೆ ನುಗ್ಗಿ ಹೋಗುತ್ತದೆ. ಮುನ್ನೂರು ಮೀಟರಿಗಿಂತ ದೊಡ್ಡ ಬಂಡೆ. ಯುರೋಪು, ಆಫ್ರಿಕಾದ ಜನಕ್ಕೆ ಬರಿಗಣ್ಣಿಗೇ ಕಾಣುತ್ತದೆ. ನೋಡಲು ಪುಣ್ಯ ಬೇಕು, ಹೆದರಲು ಕಾರಣ ಬೇಕಿಲ್ಲ ಅಂತ ಆ ಗುಂಪಿನಲ್ಲಿ ಬರೆದು ಹಾಕಿ.

ಇನ್ನೊಂದು ವಿಷಯವನ್ನೂ ಅವರಿಗೆ ಹೇಳಿ. 2022ರ ಸೆಪ್ಟೆಂಬರ್ 26ರಂದು ನಾಸಾ ತನ್ನ ಡಾರ್ಟ್ ನೌಕೆಯನ್ನು ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆಸಿತು. ಅದು ತನ್ನ ಜೊತೆಯ ದೊಡ್ಡ ಬಂಡೆಯನ್ನು ಸುತ್ತಲು 11 ಗಂಟೆ 55 ನಿಮಿಷ ತೆಗೆದುಕೊಳ್ಳುತ್ತಿತ್ತು. ಡಿಕ್ಕಿಯಾದ ಮೇಲೆ ಅದರಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆಯಾಯಿತು. ಆಕಾಶದ ಬಂಡೆಯ ದಾರಿಯನ್ನು ಮನುಷ್ಯ ತಳ್ಳಿ ಬದಲಿಸಿದ್ದು ಅದೇ ಮೊದಲು. ಹಾಗಾಗಿ ನನ್ನ ಭಯದ ಪಟ್ಟಿಯಲ್ಲಿ ಕ್ಷುದ್ರಗ್ರಹಕ್ಕೆ ಕೊನೆಯ ಬೆಂಚು.

ಪ್ರಳಯ ಆಗೋದೇ ಆದ್ರೆ ಮನೆ ಸಾಲದ ಕಂತು ಕಟ್ಟಬೇಕಾ?
*ಓದುಗ, ದಾವಣಗೆರೆ*

ಕಟ್ಟಿ. 1979ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣ ನಮ್ಮ ತಲೆ ಮೇಲೇ ಬೀಳುತ್ತದೆ ಅಂತ ಸುದ್ದಿಯಾದಾಗ, ಸೊರಬದ ಕಡೆಯ ನಮ್ಮೂರಲ್ಲಿ ಹೇಗೂ ಸಾಯುವುದೇ ಅಂತ ಸಾಕಿದ ಕೋಳಿಯನ್ನೆಲ್ಲ ಕೊಯ್ದು ತಿಂದವರಿದ್ದರು. ಸ್ಕೈಲ್ಯಾಬ್ ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿದ್ದವು. ಅಲ್ಲಿನ ಎಸ್ಪೆರೆನ್ಸ್ ಊರಿನವರು ಕಸ ಹಾಕಿದ್ದಕ್ಕೆ ಅಂತ ನಾಸಾಕ್ಕೆ 400 ಡಾಲರ್ ದಂಡ ಹಾಕಿದರು. ನಮ್ಮೂರ ಕೋಳಿಗಳ ಲೆಕ್ಕ ಮಾತ್ರ ಯಾರೂ ಕೇಳಲಿಲ್ಲ.

ಯಾವುದೋ ಜ್ವಾಲಾಮುಖಿಯಿಂದ ಮನುಷ್ಯರು ಹಿಂದೊಮ್ಮೆ ಪೂರ್ತಿ ಅಳಿದೇ ಹೋಗ್ತಿದ್ದರಂತೆ. ಹೌದೇ?
*ಶಿಕ್ಷಕಿ, ಬಳ್ಳಾರಿ*

ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಟೋಬಾ. ಸುಮಾರು 74,000 ವರ್ಷದ ಹಿಂದೆ ಸಿಡಿಯಿತು. ಅದರಿಂದ ಭೂಮಿ ತಣ್ಣಗಾಗಿ ಮನುಷ್ಯರ ಸಂಖ್ಯೆ ಕೆಲವೇ ಸಾವಿರಕ್ಕೆ ಇಳಿಯಿತು ಎಂಬ ವಾದ ಬಹಳ ಕಾಲ ಓಡಾಡಿತು. ಅದನ್ನು ಅಲುಗಾಡಿಸಿದ ಒಂದು ಸಾಕ್ಷಿ ನಿಮ್ಮ ಬಳ್ಳಾರಿಯಿಂದ ತೀರಾ ದೂರವಿಲ್ಲ. ಆಂಧ್ರದ ಬನಗಾನಪಲ್ಲೆ ಕಡೆಯ ಜ್ವಾಲಾಪುರಂನಲ್ಲಿ ಟೋಬಾ ಬೂದಿಯ ದಪ್ಪ ಪದರವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ವಿದೇಶಿ ಜೊತೆಗಾರರು ಅಲ್ಲಿ ಅಗೆದರು. ಬೂದಿಯ ಕೆಳಗೆ ಕಲ್ಲಿನ ಆಯುಧ ಸಿಕ್ಕವು. ಬೂದಿಯ ಮೇಲೂ ಸಿಕ್ಕವು, ಹೆಚ್ಚುಕಡಿಮೆ ಅದೇ ರೀತಿಯವು. 2007ರಲ್ಲಿ ಇದು ಪ್ರಕಟವಾದಾಗ ದೊಡ್ಡ ಚರ್ಚೆಯಾಯಿತು. ಆಕಾಶ ಕಪ್ಪಾಗಿ ಬೂದಿ ಸುರಿದ ಮೇಲೂ ಅಲ್ಲಿ ಯಾರೋ ಕೂತು ಕಲ್ಲು ಒಡೆಯುತ್ತಿದ್ದರು ಅನ್ನಿ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ, ಪಾಠಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಮಂಗನ ಕಾಯಿಲೆಯಂಥದ್ದು ಇಡೀ ಲೋಕಕ್ಕೆ ಹಬ್ಬಿದರೆ ಗತಿಯೇನು?
*ಅಡಿಕೆ ಬೆಳೆಗಾರ, ಸಾಗರ*

ಅದು ಹಾಗೆ ಹಬ್ಬುವ ಜಾತಿಯದ್ದಲ್ಲ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದಾಗಿನಿಂದ ಅದರ ದಾರಿ ಉಣುಗಿನದ್ದೇ. ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಕಾಡಿಗೆ ಹೋಗುವವರಿಗೆ ಅದು ಸಣ್ಣ ಕಷ್ಟವಲ್ಲ, ಆದರೆ ಮನುಷ್ಯ ಕುಲ ಮುಗಿಸುವ ರೋಗವಲ್ಲ.

ನನಗೆ ಹೆದರಿಕೆ ಕಾಡಿನ ವೈರಸ್‌ಗಿಂತ ಪ್ರಯೋಗಾಲಯದ್ದು. ಸಿಡುಬಿನಿಂದ ಕೊನೆಯ ಸಾವು ಆದದ್ದು 1978ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಸತ್ತವರು ಅಲ್ಲಿನ ವೈದ್ಯಕೀಯ ಕಾಲೇಜಿನ ಫೋಟೋಗ್ರಾಫರ್. ಅವರು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲೇ, ಕೆಳಗಿನ ಮಹಡಿಯಲ್ಲಿ ಸಿಡುಬಿನ ಪ್ರಯೋಗಾಲಯವಿತ್ತು. ಈಗ ಸಿಡುಬಿನ ವೈರಸ್ ಅಮೆರಿಕ ಮತ್ತು ರಷ್ಯಾದ ಒಂದೊಂದು ಪ್ರಯೋಗಾಲಯದಲ್ಲಿ ಮಾತ್ರ ಅಧಿಕೃತವಾಗಿ ಇದೆ. ಬೀಗ ಭದ್ರವಾಗಿದೆ ಅಂತ ಸುಮ್ನೆ ಇರುವಂತಿಲ್ಲ. ಕೆನಡಾದ ವಿಜ್ಞಾನಿಗಳು ಅಂಚೆಯಲ್ಲಿ ತರಿಸಿದ ಡಿಎನ್ಎ ತುಂಡುಗಳನ್ನು ಜೋಡಿಸಿ, ಸಿಡುಬಿನ ನೆಂಟನಾದ ಕುದುರೆ ಸಿಡುಬಿನ ವೈರಸ್ಸನ್ನು ಕಟ್ಟಿದರು. 2018ರಲ್ಲಿ ಅದನ್ನು ಪ್ರಕಟಿಸಿಯೂ ಬಿಟ್ಟರು. ಅವರ ಉದ್ದೇಶ ಲಸಿಕೆ. ಆದರೆ ದಾರಿ ತೋರಿಸಿದ ಹಾಗಾಯಿತಲ್ಲ? ನನ್ನ ಪಟ್ಟಿಯಲ್ಲಿ ಇದು ಮುಂದಿನ ಬೆಂಚು.

ಅಣುಬಾಂಬಿನ ಗುಂಡಿ ಕಂಪ್ಯೂಟರ್ ಕೈಗೆ ಕೊಟ್ಟರೆ ತಪ್ಪೇನು? ಮನುಷ್ಯರಿಗಾದ್ರೆ ಸಿಟ್ಟು ಬರುತ್ತೆ, ಯಂತ್ರಕ್ಕೆ ಬರಲ್ಲ.
*ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ*

ಯಂತ್ರಕ್ಕೆ ಸಿಟ್ಟು ಬರುವುದಿಲ್ಲ. ಅನುಮಾನವೂ ಬರುವುದಿಲ್ಲ, ಅದೇ ತೊಂದರೆ.

1983ರ ಸೆಪ್ಟೆಂಬರ್ 26. ಮಾಸ್ಕೋದ ದಕ್ಷಿಣಕ್ಕೆ ಸೆರ್ಪುಖೋವ್-15 ಎಂಬ ರಹಸ್ಯ ನೆಲೆ. ಸೋವಿಯತ್ ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆಟ್ರೋವ್ ರಾತ್ರಿ ಪಾಳಿಯಲ್ಲಿದ್ದರು. ಮಧ್ಯರಾತ್ರಿ ಕಳೆದ ಮೇಲೆ ಸೈರನ್ ಹೊಡೆದುಕೊಂಡಿತು. ಅಮೆರಿಕದಿಂದ ಕ್ಷಿಪಣಿ ಹಾರಿದೆ ಅಂತ ಉಪಗ್ರಹ ವ್ಯವಸ್ಥೆ ಹೇಳಿತು. ಆಮೇಲೆ ಎರಡು, ಮೂರು... ಒಟ್ಟು ಐದು. ವ್ಯವಸ್ಥೆಯ ಪ್ರಕಾರ ಸಂದೇಶ ಪೂರ್ತಿ ನಂಬಲರ್ಹ. ಕಾಲವೂ ಕೆಟ್ಟದಾಗಿತ್ತು. ಅದೇ ತಿಂಗಳ ಮೊದಲ ದಿನ ಸೋವಿಯತ್ ವಿಮಾನವೊಂದು ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು. ಎರಡೂ ಕಡೆ ಬೆರಳು ಗುಂಡಿಯ ಹತ್ತಿರವೇ ಇತ್ತು.

ಪೆಟ್ರೋವ್ ಯೋಚನೆ ಮಾಡಿದರು. ಯುದ್ಧ ಶುರು ಮಾಡುವವರು ಐದೇ ಐದು ಕ್ಷಿಪಣಿ ಬಿಡುತ್ತಾರಾ? ನೆಲದ ರೇಡಾರ್‌ಗಳಲ್ಲಿ ಏನೂ ಕಾಣುತ್ತಿಲ್ಲವಲ್ಲ? ವ್ಯವಸ್ಥೆಯೋ ಹೊಸದು, ಅದರ ಮೇಲೆ ಅವರಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಮೇಲಿನವರಿಗೆ ಫೋನ್ ಮಾಡಿ "ಇದು ಸುಳ್ಳು ಎಚ್ಚರಿಕೆ" ಅಂದರು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲಿನ ಹೊಳಪನ್ನೇ ಉಪಗ್ರಹ ಕ್ಷಿಪಣಿಯ ಬೆಂಕಿ ಅಂದುಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ಅವರಿಗೆ ಆಗ ಬಹುಮಾನವೇನೂ ಸಿಗಲಿಲ್ಲ. ದಿನಚರಿ ಪುಸ್ತಕ ಸರಿಯಾಗಿ ತುಂಬಿಲ್ಲ ಅಂತ ಬೈಗುಳ ಸಿಕ್ಕಿತು! ಸರ್ಕಾರಿ ಕೆಲಸ ಮಾಡಿದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಪೆಟ್ರೋವ್ ಜಾಗದಲ್ಲಿ ಒಂದು ಪ್ರೋಗ್ರಾಂ ಇದ್ದಿದ್ದರೆ? ಅದಕ್ಕೆ ಬಂದ ಸಂದೇಶ ನಂಬಲರ್ಹ ಅಂತಲೇ ಇತ್ತಲ್ಲ. 2024ರ ನವೆಂಬರ್‌ನಲ್ಲಿ ಪೆರುವಿನ ಲಿಮಾದಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್ ಮತ್ತು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಭೇಟಿಯಾದಾಗ, ಅಣ್ವಸ್ತ್ರ ಬಳಸುವ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕು ಎಂಬ ಮಾತಿಗೆ ಇಬ್ಬರೂ ಒಪ್ಪಿದರು. ಒಪ್ಪಂದಕ್ಕೆ ಸಹಿ ಬಿದ್ದಿಲ್ಲ, ಬರೀ ಮಾತು. ಆದರೂ ಆ ಎರಡು ದೇಶಗಳು ಒಪ್ಪುವ ವಿಷಯಗಳೇ ಕಡಿಮೆ, ಅದಕ್ಕೇ ಇದನ್ನು ಬರೆದಿಟ್ಟುಕೊಂಡಿದ್ದೇನೆ.

ಮಗ ಬೆಂಗಳೂರಿನಲ್ಲಿ ಎಐ ಕಂಪನಿಯಲ್ಲಿದ್ದಾನೆ. ಎಐನಿಂದ ಮನುಷ್ಯ ಕುಲ ನಾಶವಾಗೋ ಸಾಧ್ಯತೆ ಶೇ 10 ಅಂತ ಊಟ ಮಾಡುತ್ತಾ ಹೇಳ್ತಾನೆ. ಹಾಗಿದ್ರೆ ಆ ಕೆಲಸ ಯಾಕೆ ಮಾಡ್ತಾನೆ? ಬಿಡಿಸಲಾ?
*ಒಬ್ಬ ತಾಯಿ, ಮೈಸೂರು*

ಮೊದಲು ಆ ಶೇ 10 ಎಂಥ ಸಂಖ್ಯೆ ಅಂತ ನೋಡೋಣ ತಾಯಿ. ಅಪೋಫಿಸ್‌ನ ಶೇ 2.7 ಅಳತೆಯಿಂದ ಬಂದದ್ದು. ಇನ್ನಷ್ಟು ಅಳೆದರು, ಅದು ಸೊನ್ನೆಗೆ ಇಳಿಯಿತು. ಎಐ ವಿಷಯದಲ್ಲಿ ಅಳೆಯಲು ದೂರದರ್ಶಕವೇ ಇಲ್ಲ. ಜೆಫ್ರಿ ಹಿಂಟನ್ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರು. ಮೂವತ್ತು ವರ್ಷದೊಳಗೆ ಹಾಗಾಗುವ ಸಾಧ್ಯತೆ ಶೇ 10ರಿಂದ 20 ಅನ್ನುತ್ತಾರೆ. ಅವರ ಜೊತೆಗೇ ಕಂಪ್ಯೂಟರ್ ವಿಜ್ಞಾನದ 2018ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡ ಯಾನ್ ಲೆಕುನ್ ಇದೆಲ್ಲ ಅತಿಯಾಯಿತು ಅನ್ನುತ್ತಾರೆ. ಇಬ್ಬರೂ ಆ ವಿದ್ಯೆಯನ್ನು ಕಟ್ಟಿದವರೇ. ಅಂದರೆ ಇದು ಲೆಕ್ಕವಲ್ಲ, ಅನುಭವಿಗಳ ಊಹೆ. ನಿಮ್ಮ ಮಗ ಹೇಳುವುದೂ ಅದನ್ನೇ.

ಲೆಕ್ಕವಿಲ್ಲ ಅಂದ ಮಾತ್ರಕ್ಕೆ ಭಯವಿಲ್ಲ ಅಂತಲ್ಲ. ಲೆಕ್ಕಕ್ಕೆ ಸಿಗದಿರುವುದೇ ನನಗೆ ಜಾಸ್ತಿ ಚಿಂತೆ. ಅದಕ್ಕೇ ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ.

ಯಂತ್ರಕ್ಕೆ ಹಗೆ ಹುಟ್ಟಿ ನಮ್ಮನ್ನು ಕೊಲ್ಲುತ್ತದೆ ಅಂತ ಸಿನಿಮಾದವರು ತೋರಿಸುತ್ತಾರೆ. ವಿಜ್ಞಾನಿಗಳ ಭಯ ಬೇರೆ: ಹೇಳಿದ್ದನ್ನು ಅಕ್ಷರಶಃ ಮಾಡಿ, ನಾವು ಬಯಸಿದ್ದನ್ನು ಬಿಟ್ಟುಬಿಡುವುದು. 2016ರಲ್ಲಿ, ಮುಂದೆ ಚಾಟ್‌ಜಿಪಿಟಿ ಮಾಡಿದ ಓಪನ್ಎಐ ಕಂಪನಿಯವರು ದೋಣಿ ರೇಸಿನ ಒಂದು ಆಟವನ್ನು ಪ್ರೋಗ್ರಾಮಿಗೆ ಕಲಿಸಿದರು. ಅಂಕ ಹೆಚ್ಚು ಗಳಿಸು ಅಂದಿದ್ದರು. ಅದು ರೇಸ್ ಮುಗಿಸುವ ಗೋಜಿಗೇ ಹೋಗಲಿಲ್ಲ. ಒಂದು ಮೂಲೆಯಲ್ಲಿ ಸುತ್ತು ಹೊಡೆಯುತ್ತಾ, ಬೇರೆ ದೋಣಿಗಳಿಗೆ ಗುದ್ದುತ್ತಾ, ಬೆಂಕಿ ಹತ್ತಿಸಿಕೊಂಡು ಅಂಕ ಬಾಚಿತು. ಮನುಷ್ಯ ಆಟಗಾರರಿಗಿಂತ ಜಾಸ್ತಿ! ನನ್ನ ತರಗತಿಯಲ್ಲೂ ಅಂಥವರಿದ್ದರು, ಪಾಠ ಬಿಟ್ಟು ಹಳೆಯ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡುವವರು. 2023ರಲ್ಲಿ ಅವರೇ ಬಿಡುಗಡೆ ಮಾಡಿದ ಜಿಪಿಟಿ-4 ಎಂಬ ಎಐಯನ್ನು ಪರೀಕ್ಷೆ ಮಾಡುವಾಗ ಇನ್ನೊಂದು ಹೆಜ್ಜೆ ಕಂಡಿತು. "ನಾನು ರೋಬೋ ಅಲ್ಲ" ಅಂತ ಸಾಬೀತುಪಡಿಸುವ ಕ್ಯಾಪ್ಚಾ ಬಿಡಿಸಲು ಅದಕ್ಕೆ ಒಬ್ಬ ಮನುಷ್ಯನ ಸಹಾಯ ಬೇಕಾಯಿತು. ನೀನು ರೋಬೋನಾ ಅಂತ ಅವನು ಕೇಳಿದ. ಇಲ್ಲ, ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಅಂದಿತು. ಸುಳ್ಳು ಹೇಳು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ದೋಣಿ ಆಟದಲ್ಲಿ ಸ್ವಿಚ್ ಆರಿಸಿದರೆ ಮುಗಿಯಿತು. ಇಂಥದ್ದೇ ಬುದ್ಧಿ ನಮಗಿಂತ ಚುರುಕಾಗಿ, ವಿದ್ಯುತ್ ಜಾಲದಲ್ಲೋ ಔಷಧ ಪ್ರಯೋಗಾಲಯದಲ್ಲೋ ಕೂತಿದ್ದರೆ ಆರಿಸುವುದು ಅಷ್ಟು ಸುಲಭವಲ್ಲ. ಸಾಗರದವರಿಗೆ ಹೇಳಿದ ವೈರಸ್ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ. ಎರಡೂ ಸೇರುವ ಜಾಗವೇ ನನಗೆ ಎಲ್ಲಕ್ಕಿಂತ ದೊಡ್ಡ ಭಯ.

ಇಷ್ಟಾದರೂ ಮಗ ಯಾಕೆ ಮಾಡುತ್ತಾನೆ? 2023ರ ಮೇ ತಿಂಗಳಲ್ಲಿ ಒಂದೇ ವಾಕ್ಯದ ಹೇಳಿಕೆ ಬಂತು. ಎಐನಿಂದ ಮನುಷ್ಯ ಕುಲ ಅಳಿಯುವ ಅಪಾಯವನ್ನು ಮಹಾಮಾರಿ, ಅಣುಯುದ್ಧಗಳ ಸಾಲಿನಲ್ಲಿಟ್ಟು ತಡೆಯಬೇಕು ಅಂತ. ಹಿಂಟನ್ ಸಹಿ ಹಾಕಿದರು. ಓಪನ್ಎಐ, ಗೂಗಲ್ ಡೀಪ್‌ಮೈಂಡ್, ಆಂಥ್ರೋಪಿಕ್ ಮುಖ್ಯಸ್ಥರೂ ಹಾಕಿದರು. ಸಹಿ ಹಾಕಿ ಮತ್ತೆ ಅದೇ ಕೆಲಸಕ್ಕೆ ಕೂತರು! ನಾವು ಬಿಟ್ಟರೆ ಇನ್ನೊಬ್ಬರು ಮಾಡುತ್ತಾರೆ, ನಾವಾದರೆ ಜೋಪಾನವಾಗಿ ಮಾಡುತ್ತೇವೆ ಅನ್ನುವುದು ಅವರ ವಾದ. ಈ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಪೈಪೋಟಿಯಲ್ಲಿ ಓಡುವವರೆಲ್ಲ ಹೀಗೇ ಹೇಳುತ್ತಾರೆ. ಪೂರ್ತಿ ಸುಳ್ಳು ಅನ್ನಲೂ ಆಗುವುದಿಲ್ಲ.

ಕೆಲಸ ಬಿಡಿಸಬೇಡಿ. ಒಳಗೆ ಕೂತು ಊಟದ ಹೊತ್ತಿಗೆ ಅಮ್ಮನ ಹತ್ತಿರ ಇದನ್ನೆಲ್ಲ ಮಾತಾಡುವ ಹುಡುಗ ಅಲ್ಲಿರುವುದೇ ಮೇಲು. ಶೇಕಡಾ ಲೆಕ್ಕ ಕೇಳುವುದನ್ನು ಮಾತ್ರ ಬಿಡಿ. ಮುಂದಿನ ಸಲ ಬಂದಾಗ ಹೀಗೆ ಕೇಳಿ: ನೀವು ಮಾಡುತ್ತಿರುವುದು ತಪ್ಪಿದರೆ ನಿಲ್ಲಿಸುವವರು ಯಾರು? ಅವರಿಗೆ ಯೋಚಿಸಲು ಎಷ್ಟು ನಿಮಿಷ ಸಿಗುತ್ತದೆ? ನಿಲ್ಲಿಸಿದವರಿಗೆ ಕಂಪನಿಯಲ್ಲಿ ಬೈಗುಳ ಸಿಗುತ್ತದಾ? ಏನಂದ ಅಂತ ನನಗೂ ಬರೆಯಿರಿ. ಹೆಸರು ಹಾಕುವುದಿಲ್ಲ, ಕಂಪನಿಯದ್ದೂ.