ಒಮ್ಮೆ ಎಸ್‌ಡಿಬಿ, ಒಮ್ಮೆ ಎಸ್‌ಡಿಸಿ: ಓದುಗರ ಕಂಪ್ಯೂಟರ್ ಪ್ರಶ್ನೆಗಳು

ಪ್ರಶ್ನೆ: ಗಂಗಾವತಿಯಾಗ ನಮ್ದು ಫೋಟೋ ಸ್ಟುಡಿಯೋ ಐತ್ರಿ. ಉಬುಂಟು (ಲಿನಕ್ಸ್ ಸಿಸ್ಟಮ್) ಇರೋದು ಸಣ್ಣ ಎಸ್‌ಎಸ್‌ಡಿಯಾಗ, ಮದುವಿ ಫೋಟೋ ಎಲ್ಲಾ 1 ಟಿಬಿ ಹಾರ್ಡ್‌ಡಿಸ್ಕ್‌ನ್ಯಾಗ, ಬೂಟ್ ಆಗೋವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಹೇಳೋ ಎಫ್‌ಎಸ್‌ಟ್ಯಾಬ್ ಫೈಲ್‌ನ್ಯಾಗ ಅದನ್ನ ಎಸ್‌ಡಿಬಿ1 ಅಂತ ಬರದೀವಿ. ಜಾಗ ಸಾಲಲಿಲ್ಲಂತ ಇನ್ನೊಂದು ಡಿಸ್ಕ್ ಹಾಕ್ಸಿದ್ವಿ, ಅದರಾಗ ಇನ್ನೂ ಪಾರ್ಟಿಶನ್ (ಡಿಸ್ಕಿನ ಭಾಗ) ಮಾಡಿಲ್ಲ. ಅವತ್ತಿಂದ ಒಮ್ಮೆ ಚಲೋ ಬೂಟ್ ಆಗ್ತೈತಿ, ಒಮ್ಮೊಮ್ಮೆ ಕರೆಂಟ್ ಹೋಗಿ ಬಂದ ಮ್ಯಾಲೆ ಒಂದೂವರಿ ನಿಮಿಷ ನಿಂತು ಎಮರ್ಜೆನ್ಸಿ ಮೋಡ್‌ಗೆ (ಬರೇ ಕಮಾಂಡ್ ಕೊಡೋ ಪರದೆಗೆ) ಹೋಗ್ತೈತಿ. ರಿಪೇರಿಯವ್ರು ಡಿಸ್ಕ್ ಕೆಟ್ಟೈತಿ, ಫಾರ್ಮ್ಯಾಟ್ ಮಾಡ್ರಿ ಅಂತಾರ. ಏನ್ ಮಾಡ್ಲಿ ಸರ್?

ಉತ್ತರ: ಫಾರ್ಮ್ಯಾಟ್ ಮಾತ್ರ ಮಾಡಬ್ಯಾಡ್ರಿ. ಮಂದಿ ಮದುವಿ ಫೋಟೋ ಅವು, ಮತ್ತ ತೆಗೆಯಾಕ ಬರಂಗಿಲ್ಲ. ನೀವು ಬರದದ್ದು ನೋಡಿದ್ರ ಡಿಸ್ಕ್ ಕೆಟ್ಟಂಗಿಲ್ಲ, ಹೆಸರು ಅದಲು ಬದಲಾಗೈತಿ. ಎಸ್‌ಡಿಎ, ಎಸ್‌ಡಿಬಿ ಅನ್ನೋವು ಡಿಸ್ಕಿಗೆ ಕಾಯಂ ಇರೋ ಹೆಸರಲ್ರಿ, ಬೂಟ್ ಆಗೋವಾಗ ಯಾವ್ದು ಮೊದ್ಲು ಕರ್ನಲ್‌ಗೆ (ಸಿಸ್ಟಮ್‌ನ ತಿರುಳಿಗೆ) ಸಿಗ್ತೈತೋ ಆ ಪಾಳಿ ಪ್ರಕಾರ ಕೊಡೋವು. ಹೊಸ ಡಿಸ್ಕ್ ಮೊದ್ಲು ಸಿಕ್ಕ ದಿನ ಅದು ಎಸ್‌ಡಿಬಿ ಆಗ್ತೈತಿ, ಅದರಾಗ ಪಾರ್ಟಿಶನ್ನೇ ಇಲ್ಲ ಅಂದ ಮ್ಯಾಲೆ ಎಸ್‌ಡಿಬಿ1, ಅಂದ್ರ ಅದರ ಮೊದಲ ಪಾರ್ಟಿಶನ್, ಎಲ್ಲಿಂದ ಬರಬೇಕು, ಬೂಟ್ ನಡೆಸೋ ಸಿಸ್ಟಮ್‌ಡಿ 90 ಸೆಕೆಂಡ್ ಕಾಯ್ತೈತಿ, ಸಿಗಲಿಲ್ಲಂದ್ರ ಎಮರ್ಜೆನ್ಸಿ ಮೋಡ್.

ಚಲೋ ಬೂಟ್ ಆದಾಗ ಟರ್ಮಿನಲ್‌ನ್ಯಾಗ ಎಲ್‌ಎಸ್‌ಬಿಎಲ್‌ಕೆ -ಎಫ್ ಕೊಡ್ರಿ, ಎಲ್ಲಾ ಸಣ್ಣ ಅಕ್ಷರದಾಗ. ಪ್ರತಿ ಪಾರ್ಟಿಶನ್ ಮುಂದ ಫೈಲ್‌ಸಿಸ್ಟಮ್ (ಫೈಲ್ ಇಡೋ ಪದ್ಧತಿ), ಲೇಬಲ್, ಯುಯುಐಡಿ (ಅದರದೇ ಗುರ್ತಿನ ನಂಬರ್) ಬರ್ತಾವ. ಫೋಟೋ ಪಾರ್ಟಿಶನ್ ಲಿನಕ್ಸ್‌ನ ಎಕ್ಸ್‌ಟಿ4 ಇದ್ರ ಯುಯುಐಡಿ 36 ಅಕ್ಷರದ್ದು ಇರ್ತೈತಿ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಇದ್ರ 16ರದ್ದು. ಫಾರ್ಮ್ಯಾಟ್ ಮಾಡಿದಾಗ ಫೈಲ್‌ಸಿಸ್ಟಮ್ ಒಳಗ ಬರದಿಟ್ಟದ್ದು ಅದು, ಕೇಬಲ್ ಯಾವ ಪೋರ್ಟಿಗೆ ಹಾಕಿದ್ರೂ ಬದಲಾಗಂಗಿಲ್ಲ. ಎಫ್‌ಎಸ್‌ಟ್ಯಾಬ್‌ನ ಒಂದು ಕಾಪಿ ಇಟ್ಕೊಂಡು, ಆ ಸಾಲಿನ್ಯಾಗ ಡೆವ್ ಎಸ್‌ಡಿಬಿ1 ಇದ್ದ ಕಡೆ ಯುಯುಐಡಿ, ಈಕ್ವಲ್ ಚಿಹ್ನೆ, ಆಮೇಲೆ ಆ ನಂಬರ್ ಹಾಕ್ರಿ, ಕೈಲೆ ಟೈಪ್ ಮಾಡಬ್ಯಾಡ್ರಿ, ಕಾಪಿ ಪೇಸ್ಟ್ ಮಾಡ್ರಿ. ಆಪ್ಷನ್ ಇರೋ ಕಡೆ ಡಿಫಾಲ್ಟ್ಸ್ ಮುಂದ ಕಾಮಾ ಹಾಕಿ ನೋಫೇಲ್ ಸೇರಿಸ್ರಿ, ಮುಂದ ಆ ಡಿಸ್ಕ್ ಸಿಗದಿದ್ರೂ ಸಿಸ್ಟಮ್ ಬೂಟ್ ಆಗ್ತೈತಿ. ರೀಬೂಟ್ ಮಾಡೋಕಿಂತ ಮೊದ್ಲು ಸುಡೋ ಫೈಂಡ್‌ಎಮ್‌ಎನ್‌ಟಿ --ವೆರಿಫೈ ಕೊಟ್ರ ತಪ್ಪಿದ್ರ ಅಲ್ಲೇ ಹೇಳ್ತೈತಿ.

ನನಗ ಭಾಳ ಚಿಂತಿ ಇರೋದು ಇನ್ಮುಂದಿನ ಕೆಲಸದ್ದು. ಹೊಸ ಡಿಸ್ಕಿಗೆ ಪಾರ್ಟಿಶನ್ ಮಾಡೋವಾಗ ನಿನ್ನೆ ಅದು ಎಸ್‌ಡಿಸಿ ಇತ್ತಲ್ಲ ಅಂತ ಎಸ್‌ಡಿಸಿಗೆ ಕಮಾಂಡ್ ಕೊಟ್ಟುಬಿಟ್ರ, ಇವತ್ತು ಎಸ್‌ಡಿಸಿ ಅನ್ನೋದು ನಿಮ್ಮ ಫೋಟೋ ಡಿಸ್ಕ್ ಆಗಿರಬಹುದು. ಎಲ್‌ಎಸ್‌ಬಿಎಲ್‌ಕೆ -ಓ ನೇಮ್,ಸೈಜ್,ಮಾಡೆಲ್,ಸೀರಿಯಲ್ ಕೊಟ್ಟು ಸೀರಿಯಲ್ ನಂಬರನ್ನ ಡಿಸ್ಕ್ ಮ್ಯಾಲಿನ ಚೀಟಿ ಜೊತಿ ಹೊಂದಿಸಿ ನೋಡ್ರಿ. ಇನ್ನೂ ಚಲೋ ಅಂದ್ರ ಆ ಹೊತ್ತಿಗೆ ಫೋಟೋ ಡಿಸ್ಕ್‌ನ ಕೇಬಲ್ಲೇ ಬಿಚ್ಚಿಡ್ರಿ. ಡಿಸ್ಕ್ ಕೆಟ್ಟೈತಿ ಅನ್ನೋ ಅನುಮಾನಕ್ಕ ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್‌ಸಿಟಿಎಲ್ ಓಡಿಸಿ ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರ್ (ಕೆಟ್ಟ, ಕೆಡೋ ಅನುಮಾನ ಇರೋ ಜಾಗ) ಎಣಿಕಿ ನೋಡ್ರಿ, ಅವು ಏರ್ತಾ ಹೋದ್ರ ತಡ ಮಾಡದ ಫೋಟೋ ಬ್ಯಾರೆ ಕಡೆ ಕಾಪಿ ಮಾಡ್ರಿ.

ಪ್ರಶ್ನೆ: ಬಳ್ಳಾರಿಯಿಂದ. ಹಳೇ ಡಿಸ್ಕನ್ನ ಡಿಡಿ ಕಮಾಂಡ್‌ಲೆ ಹೊಸದಕ್ಕ ಕಾಪಿ ಮಾಡಿ ಎರಡೂ ಒಳಗ ಇಟ್ಟೀನಿ. ಯಾವ್ದು ಮೌಂಟ್ ಆಗ್ತೈತಿ (ಸಿಸ್ಟಮ್‌ಗೆ ಜೋಡಣಿ ಆಗ್ತೈತಿ) ಅಂತ ಗೊತ್ತಾಗವಲ್ದು.

ಉತ್ತರ: ಡಿಡಿ ಯುಯುಐಡಿನೂ ಸೇರಿಸಿ ಕಾಪಿ ಮಾಡ್ತೈತಿ, ಅದಕ್ಕ ಎರಡಕ್ಕೂ ಒಂದ ಗುರ್ತು ಆಗೈತಿ. ಹಳೇದನ್ನ ಬಿಚ್ಚಿ ಹೊಸದ್ರಿಂದ ಬೂಟ್ ಆಗ್ತೈತೇನು ಅಂತ ಮೊದ್ಲು ನೋಡ್ರಿ. ಹಳೇದೂ ಒಳಗ ಬೇಕಂದ್ರ ಲೈವ್ ಪೆನ್‌ಡ್ರೈವ್‌ಲೆ (ಲಿನಕ್ಸ್ ಓಡೋ ಪೆನ್‌ಡ್ರೈವ್) ಬೂಟ್ ಮಾಡಿ, ಅದು ಎಕ್ಸ್‌ಟಿ4 ಇದ್ರ ತಪಾಸಣಿಗೆ ಇ2ಎಫ್‌ಎಸ್‌ಸಿಕೆ -ಎಫ್ ಓಡಿಸಿ, ಆಮೇಲೆ ಟ್ಯೂನ್2ಎಫ್‌ಎಸ್ -ಯು ರ‍್ಯಾಂಡಮ್ ಕೊಡ್ರಿ, ಇದ್ರಾಗ ಯು ಮಾತ್ರ ದೊಡ್ಡಕ್ಷರ. ಬದಲಾಯಿಸೋದು ಹಳೇದ್ರ ಯುಯುಐಡಿ, ಹೊಸದ್ರದ್ದಲ್ಲ, ಹೊಸದ್ರದ್ದು ಬದಲಾದ್ರ ಅದರ ಎಫ್‌ಎಸ್‌ಟ್ಯಾಬ್, ಗ್ರಬ್ (ಬೂಟ್ ಶುರು ಮಾಡೋ ಪ್ರೋಗ್ರಾಮ್) ಎರಡೂ ತಿದ್ದಬೇಕಾಗ್ತೈತಿ.