ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸುವಂತೆ ಹೋರಾಟಗಾರರು ಮಾಡಿದ್ದು ಹೇಗೆ?

ಸಂಸತ್ತಿನಲ್ಲಿ ಹೋರಾಡಿದ ವಿಲ್ಬರ್‌ಫೋರ್ಸ್ ಹೆಸರೇ ಎಲ್ಲರಿಗೂ ಗೊತ್ತು, ಅಲ್ವಾ? ಆದರೆ ನನ್ನ ಪ್ರಕಾರ ಅಸಲಿ ಕೆಲಸ ನಡೆದದ್ದು ಹೊರಗೆ. 1787ರಲ್ಲಿ ಲಂಡನ್ನಿನಲ್ಲಿ 12 ಜನ ಸೇರಿ ಸಮಿತಿ ಕಟ್ಟಿದರು. ಅವರಲ್ಲಿ 9 ಜನ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಸಮಿತಿಯ ಥಾಮಸ್ ಕ್ಲಾರ್ಕ್‌ಸನ್ ಬಂದರು ಊರುಗಳನ್ನು ಸುತ್ತಿ, ನಾವಿಕರನ್ನು ಮಾತಾಡಿಸಿ ಸಾಕ್ಷ್ಯ ಕಲೆಹಾಕಿದರು. ಲಿವರ್‌ಪೂಲಿನ ಅಂಗಡಿಯೊಂದರಲ್ಲಿ ಕೈಕೋಳ, ಕಾಲುಬೇಡಿ ರಾಜಾರೋಷವಾಗಿ ಮಾರಾಟಕ್ಕಿದ್ದವು. ಊಟ ಬಿಟ್ಟವರ ಬಾಯಿಯನ್ನು ಬಲವಂತವಾಗಿ ತೆರೆಸುವ ಸಾಧನವೂ ಇತ್ತು! ಅವನ್ನು ಕೊಂಡು ತಂದು ಜನರಿಗೆ ತೋರಿಸಿದರು. ಬ್ರೂಕ್ಸ್ ಎಂಬ ಗುಲಾಮರ ಹಡಗಿನಲ್ಲಿ 450ಕ್ಕೂ ಜಾಸ್ತಿ ಜನರನ್ನು ಒತ್ತೊತ್ತಾಗಿ ಮಲಗಿಸುವ ಚಿತ್ರವನ್ನು ಅಚ್ಚು ಹಾಕಿಸಿ ಹಂಚಿದರು.

ಗುಲಾಮರಾಗಿದ್ದು ಬಿಡುಗಡೆ ಪಡೆದ ಒಲಾಡಾ ಈಕ್ವಿಯಾನೊ 1789ರಲ್ಲಿ ಆತ್ಮಕಥೆ ಪ್ರಕಟಿಸಿ ಊರೂರು ತಿರುಗಿದರು. ಸಾವಿರಾರು ಮನೆಯವರು ಗುಲಾಮರ ದುಡಿಮೆಯಿಂದ ಬರುತ್ತಿದ್ದ ವೆಸ್ಟ್ ಇಂಡೀಸಿನ ಸಕ್ಕರೆ ಕೊಳ್ಳುವುದನ್ನೇ ಬಿಟ್ಟರು. ಮತದಾನದ ಹಕ್ಕೇ ಇಲ್ಲದ ಹೆಂಗಸರು ಇದರಲ್ಲಿ ಮುಂದಿದ್ದರು. ಈ ಮಾತನ್ನು ಒತ್ತಿ ಹೇಳಲೇಬೇಕು. 1792ರಲ್ಲಿ ಸಂಸತ್ತಿಗೆ 500ಕ್ಕೂ ಹೆಚ್ಚು ಮನವಿಗಳು ಬಂದವು.

ಆದರೂ ವ್ಯಾಪಾರ ನಿಷೇಧಿಸುವ ಮಸೂದೆ ಮತ್ತೆ ಮತ್ತೆ ಬಿದ್ದುಹೋಯಿತು. ಫ್ರಾನ್ಸ್ ಜೊತೆಗಿನ ಯುದ್ಧ ಬೇರೆ. ಆಗ ವಕೀಲ ಜೇಮ್ಸ್ ಸ್ಟೀಫನ್ ಜಾಣ ದಾರಿ ಹುಡುಕಿದರು: ಶತ್ರುಗಳ ವಸಾಹತುಗಳಿಗೆ ಗುಲಾಮರನ್ನು ಸಾಗಿಸಬಾರದೆಂಬ 1806ರ ಕಾಯ್ದೆ. ಯುದ್ಧದ ಹೆಸರಲ್ಲಿ ಅದು ಸಲೀಸಾಗಿ ಪಾಸಾಯಿತು, ವ್ಯಾಪಾರದ ದೊಡ್ಡ ಪಾಲು ಕಡಿದುಹೋಯಿತು. 1807ರ ಮಾರ್ಚ್ 25ರಂದು ಪೂರ್ತಿ ನಿಷೇಧಕ್ಕೆ ರಾಜನ ಒಪ್ಪಿಗೆ ಸಿಕ್ಕಿತು. ಗುಲಾಮಗಿರಿಯನ್ನೇ ರದ್ದು ಮಾಡುವ ಕಾಯ್ದೆ ಬಂದದ್ದು ಮಾತ್ರ 1833ರಲ್ಲಿ.