ಸಾಧ್ಯವಿಲ್ಲದ ಸರಾಸರಿ: ಒಂದು ಆಪ್ತಸಲಹೆ ಪ್ರಕರಣ

ಬಾಗಲಕೋಟೆಯ ನವನಗರದಲ್ಲಿ ನನ್ನ ಬಳಿ ಸಲಹೆಗೆ ಬಂದಿದ್ದ ಈ ಸಂಶೋಧಕಿಯ ಗುರುತಿನ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಸರಾಸರಿಯ ಲೆಕ್ಕವನ್ನು ಮಾತ್ರ ಇದ್ದಂತೆಯೇ ಉಳಿಸಿದ್ದೇನೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ.

ಪಿಎಚ್.ಡಿ. ಅಧ್ಯಯನಕ್ಕಾಗಿ ಅವರು ಇಳಕಲ್ಲಿನ 28 ಕೈಮಗ್ಗ ನೇಕಾರರ ಮಾನಸಿಕ ಒತ್ತಡವನ್ನು ಹನ್ನೆರಡು ಪ್ರಶ್ನೆಗಳಿಂದ ಅಳೆದಿದ್ದರು. ಉತ್ತರಗಳು ಒಂದರಿಂದ ಐದರವರೆಗಿನ ಪೂರ್ಣಾಂಕಗಳು. ಲೇಖನವನ್ನು ತಂತ್ರಾಂಶದ ತಪಾಸಣೆಗೆ ಒಳಪಡಿಸಿದ ಪತ್ರಿಕೆಯೊಂದು, ಏಳನೆಯ ಪ್ರಶ್ನೆಯ ಸರಾಸರಿ 3.19 ಗಣಿತದ ಪ್ರಕಾರ ಸಾಧ್ಯವಿಲ್ಲ ಎಂಬ ಷರಾ ಬರೆದು ಮರಳಿಸಿತ್ತು. ಅದನ್ನು ಓದಿದ ಮಾರ್ಗದರ್ಶಕರು, “ಈ ಅಂಕಿ ಎಲ್ಲಿಂದ ತಂದಿ?” ಎಂದು ಕೇಳಿ ಸುಮ್ಮನಾಗಿದ್ದರು.

ಅಂದಿನಿಂದ ಮೂರು ವಾರ ಸಂಶೋಧಕಿಗೆ ಸರಿಯಾದ ನಿದ್ದೆಯಿರಲಿಲ್ಲ. ನಡುರಾತ್ರಿ ಎದ್ದು ಲೇಖನವನ್ನು ಸಿಕ್ಕ ಸಿಕ್ಕ ತಂತ್ರಾಂಶಗಳಿಗೆ ಹಾಕಿ ನೋಡುತ್ತಿದ್ದರು, ಇತರರ ಬರಹಗಳೊಂದಿಗೆ ಕಂಡುಬಂದ ಶೇ. 8ರ ಹೋಲಿಕೆಯನ್ನು ಇನ್ನಷ್ಟು ಇಳಿಸಲು ಚೆನ್ನಾಗಿದ್ದ ವಾಕ್ಯಗಳನ್ನೇ ಕೆಡಿಸುತ್ತಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲವೆಂಬುದು ಅವರಿಗೆ ಗೊತ್ತಿತ್ತು; ಗೊತ್ತಿದ್ದೂ ಕೈ ನಿಲ್ಲುತ್ತಿರಲಿಲ್ಲ. “ಮೇಡಂ, ನಾ ಏನೂ ಸುಳ್ಳು ಬರದಿಲ್ಲರಿ” ಎಂದು ಮೊದಲ ಭೇಟಿಯಲ್ಲೇ ನಾಲ್ಕೈದು ಬಾರಿ ಹೇಳಿದರು. ನಾನು ಹಾಗೆಂದು ಕೇಳಿರಲೇ ಇಲ್ಲ.

ಆಪ್ತಸಲಹೆಯಲ್ಲಿ ಲೆಕ್ಕ ಬಿಡಿಸುವ ವಾಡಿಕೆಯಿಲ್ಲವಾದರೂ ಇಲ್ಲಿ ಭಯದ ಬುಡವೇ ಲೆಕ್ಕದಲ್ಲಿದ್ದುದರಿಂದ, ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಭಾಗಿಸಿದೆವು. ಉತ್ತರಗಳೆಲ್ಲ ಪೂರ್ಣಾಂಕಗಳಾದ್ದರಿಂದ ಮೊತ್ತವೂ ಪೂರ್ಣಾಂಕವೇ ಆಗಬೇಕು: ಒಟ್ಟು ಮೊತ್ತ 89 ಆದರೆ 28 ಜನರ ಸರಾಸರಿ 3.18, 90 ಆದರೆ 3.21. ನಡುವೆ 3.19ಕ್ಕೆ ಜಾಗವೇ ಇಲ್ಲ. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ 2016ರಲ್ಲಿ ಮುಂದಿಟ್ಟ ‘ಗ್ರಿಮ್’ ಪರೀಕ್ಷೆ ಮಾಡುವುದು ಇಷ್ಟನ್ನೇ. ಅಂಕಿ ತಾಳೆಯಾಗುವುದಿಲ್ಲ ಎಂದು ಅದು ಹೇಳಬಲ್ಲದು. ಅದು ಬೆರಳಚ್ಚಿನ ತಪ್ಪೋ, ಬಿಟ್ಟುಹೋದ ಉತ್ತರವೋ, ಕಟ್ಟುಕತೆಯೋ ಎಂದು ಹೇಳಲಾರದು. ಪಿ-ಮೌಲ್ಯಗಳನ್ನು (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವನೀಯತೆ) ಮರುಲೆಕ್ಕ ಹಾಕುವ ‘ಸ್ಟಾಟ್‌ಚೆಕ್’ ತಂತ್ರಾಂಶದಿಂದ ಎಂಟು ಮನಃಶಾಸ್ತ್ರ ಪತ್ರಿಕೆಗಳ 1985ರಿಂದ 2013ರವರೆಗಿನ ಲೇಖನಗಳನ್ನು ನೋಡಿದಾಗ, ಸುಮಾರು ಅರ್ಧದಷ್ಟರಲ್ಲಿ ತಾಳೆಯಾಗದ ಅಂಕಿ ಒಂದಾದರೂ ಸಿಕ್ಕಿತ್ತೆಂದು ನಾನು ಅವರಿಗೆ ತಿಳಿಸಿದೆ. ಅವರು ಮೊದಲ ಬಾರಿಗೆ ಕುರ್ಚಿಗೆ ಒರಗಿ ಕುಳಿತರು.

ಎರಡು ವಾರ ಯಾವ ತಂತ್ರಾಂಶವನ್ನೂ ತೆರೆಯದೆ ಮೂಲ ಪ್ರಶ್ನಾವಳಿಗಳನ್ನು ಹಗಲಿನಲ್ಲಿ ಮಾತ್ರ ಎಣಿಸಬೇಕೆಂದೂ, ಮಾರ್ಗದರ್ಶಕರೆದುರು ‘ಸುಳ್ಳಲ್ಲ’ ಎಂಬ ಮಾತಿನಿಂದ ಆರಂಭಿಸದೆ ಹಾಳೆಗಳನ್ನೇ ಮೇಜಿನ ಮೇಲಿಡಬೇಕೆಂದೂ ಸಲಹೆ ನೀಡಿದೆ. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಲು, ರಾತ್ರಿ ಕಳವಳವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. ಮಾರ್ಗದರ್ಶಕರ ಪ್ರಶ್ನೆ ತಪ್ಪಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕಿತ್ತು.

ಮುಂದಿನ ಭೇಟಿಗೆ ಅವರು ಒಂದು ಪ್ರಶ್ನಾವಳಿಯ ನಕಲನ್ನು ತಂದಿದ್ದರು. ಏಳನೆಯ ಪ್ರಶ್ನೆಯ ಮನೆ ಖಾಲಿಯಿತ್ತು. ಪಕ್ಕದಲ್ಲಿ ಅವರದೇ ಪೆನ್ಸಿಲ್ ಬರಹ: ‘ಮತ್ತೆ ಕೇಳುವುದು’. ಉತ್ತರ ಕೊಟ್ಟವರು 27, ಮೊತ್ತ 86, ಸರಾಸರಿ 3.19. ಕೋಷ್ಟಕದ ತಲೆಬರಹದಲ್ಲಿ ಮಾತ್ರ 28 ಎಂದೇ ಉಳಿದಿತ್ತು. ತಿದ್ದಿದ ಪ್ರತಿಯಲ್ಲಿ ಪ್ರತಿ ಪ್ರಶ್ನೆಗೂ ಉತ್ತರಿಸಿದವರ ಸಂಖ್ಯೆಯನ್ನು ಪ್ರತ್ಯೇಕ ಕಂಬಸಾಲಿನಲ್ಲಿ ಕೊಟ್ಟು, ತಪ್ಪು ಹೇಗಾಯಿತೆಂದು ಸಂಪಾದಕರಿಗೆ ನಾಲ್ಕು ಸಾಲಿನ ಪತ್ರ ಬರೆದರು.